ಸೋದರಮಾವನ ವಿಮಾನ

ಮೂಡಲಗಿಯಿಂದ ಹೊರಟ ಮದುವೆಯ ಕ್ರೂಸರ್ ಗಾಡಿ ಇನ್ನೂ ಊರ ಹೊರಗಿನ ಪೆಟ್ರೋಲ್ ಬಂಕ್ ದಾಟಿರಲಿಲ್ಲ, ವಿದ್ಯಾ ಆಗಲೇ ಫೋನು ತೆಗೆದು ದಿಲ್ಲಿಯ ಹವಾಮಾನ ನೋಡತೊಡಗಿದ್ದಳು. ತಂಗಿ ರಾಧಿಕಾಳ ಮದುವೆ ಹುಕ್ಕೇರಿಯಲ್ಲಿ, ಗಂಡಿನವರ ಊರಲ್ಲಿ. ಮದುಮಗಳೂ ಅಪ್ಪನೂ ಮುಂದಿನ ಗಾಡಿಯಲ್ಲಿ ಹೋಗಿಯಾಗಿತ್ತು. ಹೊರಗೆ ಮಾಘದ ಎಳೆಬಿಸಿಲು ಕಬ್ಬಿನ ಮೇಲೆ ಬಿದ್ದಿತ್ತು. ಅಂಥ ಬೆಳಗಿನಲ್ಲಿ ಇವಳೊಬ್ಬಳಿಗೆ ದೇಶದ ಇನ್ನೊಂದು ತುದಿಯ ಮಂಜಿನ ಚಿಂತೆ.

"ತಂಗಿ ಲಗ್ನದ ದಿನಾನೂ ಡ್ಯೂಟಿ ಏನವಾ? ಆ ಫೋನಿಗೂ ಒಂದು ಸೀರಿ ಉಡಿಸಿಕೊಂಡ ಬರಬೇಕಿತ್ತ," ಎಂದು ದೊಡ್ಡವ್ವ ಸೀತವ್ವ ಹಿಂದಿನ ಸೀಟಿನಿಂದ ಛೇಡಿಸಿದಳು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ವಿದ್ಯಾಗೆ ನಗು ಬರಲಿಲ್ಲ.

ಮುಂದಿನ ಸೀಟಿನಲ್ಲಿ ಡ್ರೈವರ್ ಮಾಲಿಂಗನ ಬಾಜೂ ಅವಳ ಅವ್ವ ಅನ್ನಪೂರ್ಣಾ ಕೂತಿದ್ದಳು. ಮೈಮೇಲೆ ಹೊಸ ಇಳಕಲ್ ಸೀರೆ, ಹಣೆಯಲ್ಲಿ ಭಂಡಾರದ ಅರಿಶಿನ, ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ. ಗಾಡಿ ಹತ್ತು ಮಾರು ಹೋಗುವಷ್ಟರಲ್ಲಿ ಒಮ್ಮೆ ಹಿಂದೆ ತಿರುಗುವಳು.

"ವಿದ್ಯಾ, ನಿಮ್ಮ ಮಾಮಾ ಎಲ್ಲಿಗಿ ಬಂದಾನ ನೋಡ."

"ಬರಾಕತ್ತಾನ ಯವ್ವಾ."

"ಎಲ್ಲಿಗಿ ಅಂತ ಕೇಳಿದ್ನಿ."

"ದಿಲ್ಲಿ ಬಿಟ್ಟಾನ," ಎಂದಳು ವಿದ್ಯಾ. ಅದು ಸುಳ್ಳು. ಮಾಮಾನನ್ನು ಹೊತ್ತ ವಿಮಾನ ದಿಲ್ಲಿಯಲ್ಲಿ ಬಾಗಿಲು ಮುಚ್ಚಿಕೊಂಡು, ಮಂಜು ಕರಗುವ ದಾರಿ ಕಾಯುತ್ತ ಉಳಿದ ವಿಮಾನಗಳ ಹಿಂದೆ ಸಾಲಿನಲ್ಲಿ ನಿಂತಿತ್ತು.

ಈ ಮಾಮಾನ ವಿಷಯ ಹೇಳದೆ ಮುಂದೆ ಹೋದರೆ ಕತೆ ಕುಂಟುತ್ತದೆ. ಭೀಮಶಿ ಅಂದರೆ ಅನ್ನಪೂರ್ಣಾಳ ಒಬ್ಬನೇ ಅಣ್ಣ, ಫೌಜಿನಲ್ಲಿ ಸುಬೇದಾರ, ಈಗ ಜಮ್ಮುವಿನ ಕಡೆ ಇದ್ದಾನೆ. ಏಳು ವರ್ಷದ ಹಿಂದೆ ತನ್ನ ಮಗ ಸದಾಶಿವನಿಗೆ ವಿದ್ಯಾಳನ್ನು ಕೇಳಿದ್ದ. ತಂಗಿಯ ಮಗಳನ್ನು ಸೊಸೆ ಮಾಡಿಕೊಳ್ಳುವುದು ಅವನ ಹಕ್ಕು ಎಂದೇ ಎಲ್ಲರೂ ತಿಳಿದಿದ್ದ ಕಾಲ. ವಿದ್ಯಾ ಒಲ್ಲೆ ಎಂದಳು. ಎಂದಳು ಅಂದರೆ, ಮಾಮಾನ ಎದುರಿಗೆ ಅಲ್ಲ. ಅಪ್ಪನ ಕೈಲಿ ಹೇಳಿ ಕಳಿಸಿ, ತಾನು ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ನೌಕರಿಗೆ ಹೋಗಿಬಿಟ್ಟಳು. ಅಂದಿನಿಂದ ಭೀಮಶಿ ತಂಗಿಯ ಹೊಸ್ತಿಲು ತುಳಿದಿರಲಿಲ್ಲ. ಸದಾಶಿವ ಬೇರೆ ಹುಡುಗಿಯನ್ನು ಮದುವೆಯಾಗಿ ಎರಡು ಮಕ್ಕಳನ್ನು ಎತ್ತಿಕೊಂಡು ಸುಖವಾಗಿ ಓಡಾಡಿಕೊಂಡಿದ್ದ. ಜಗಳ ಮಾತ್ರ ಮದುವೆಯಾಗದೆ ಹಾಗೇ ಉಳಿದಿತ್ತು.

ಹಾಗಿದ್ದವನು ನಿನ್ನೆ ಸಂಜೆ ತಾನಾಗಿಯೇ ಫೋನು ಮಾಡಿ, "ರಜಾ ಸಿಕ್ಕೈತಿ, ಬರಾಕತ್ತೇನಿ, ಕಂಬಳಿ ನಾನ ಹಾಸ್ತೇನಿ," ಎಂದಿದ್ದ. ಇವರ ಮನೆತನದಲ್ಲಿ ಸೋದರಮಾವ ಗದ್ದುಗೆಯ ಮೇಲೆ ಕರಿಕಂಬಳಿ ಹಾಸಿ, ಮದುಮಗಳ ಕೈಹಿಡಿದು ಕರೆತಂದು ಕೂಡಿಸಬೇಕು, ಆಮೇಲೆಯೇ ಅಕ್ಕಿಕಾಳು, ಅಂದರೆ ಅಕ್ಷತೆ. ಅವನು ಇಲ್ಲದಿದ್ದರೆ ಅವನ ಕಡೆಯ ಬೇರೆ ಯಾರಾದರೂ ನಿಲ್ಲಬಹುದು, ಮದುವೆಯೇನೂ ಕೆಡುವುದಿಲ್ಲ. ಆದರೆ ಬೇರೆಯವನು ನಿಂತನೆಂದರೆ ಅಣ್ಣ-ತಂಗಿಯ ಸಂಬಂಧ ಕಡಿದೇಹೋಯಿತು ಎಂದು ನೆಂಟರ ಮುಂದೆ ಡಂಗುರ ಹೊಡೆದ ಹಾಗೆ. ಬರುತ್ತೇನೆಂದು ಹೇಳಿ ಬರದಿದ್ದರಂತೂ ಮುಗಿಯಿತು. ವಿಮಾನ ತಡವಾಯಿತು ಎಂದರೆ ಯಾರು ನಂಬುತ್ತಾರೆ? ಏಳು ವರ್ಷದ ಸಿಟ್ಟನ್ನು ಲಗ್ನದ ದಿನ ತೀರಿಸಿಕೊಂಡ ಅನ್ನುತ್ತಾರೆ. ಅನ್ನಪೂರ್ಣಾಳೂ ಹಾಗೇ ಅಂದುಕೊಳ್ಳುತ್ತಾಳೆ ಎನ್ನುವುದೇ ವಿದ್ಯಾಳ ಭಯ.

ವಿದ್ಯಾ ವಿಮಾನ ಕಂಪನಿಯಲ್ಲಿ ಇದ್ದಾಳೆ ಎಂದರೆ ಮೂಡಲಗಿಯ ಅರ್ಧ ಮಂದಿ ಅವಳು ವಿಮಾನ ಓಡಿಸುತ್ತಾಳೆ ಎಂದೂ, ಉಳಿದವರು ಆಕಾಶದಲ್ಲಿ ಚಹಾ ಹಂಚುತ್ತಾಳೆ ಎಂದೂ ನಂಬಿದ್ದರು. ಎರಡೂ ಅಲ್ಲ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಅವಳ ಕೆಲಸ ದಿಲ್ಲಿಯ ಮಗ್ಗುಲಿನ ಗುರುಗ್ರಾಮದಲ್ಲಿ, ಕಿಟಕಿಯೇ ಇಲ್ಲದ ದೊಡ್ಡ ಹಾಲಿನಲ್ಲಿ. ಅಲ್ಲಿಂದ ಒಂದೇ ಒಂದು ವಿಮಾನವೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಂಪನಿಯ ಒಂದು ವಿಮಾನವೂ ಆ ಹಾಲನ್ನು ಕೇಳದೆ ಏಳುವುದಿಲ್ಲ. ಗೋಡೆಯ ತುಂಬ ಪರದೆ. ಒಂದೊಂದು ವಿಮಾನಕ್ಕೆ ಒಂದೊಂದು ಗೆರೆ, ಆ ಗೆರೆಯ ಮೇಲೆ ಆ ದಿನ ಅದು ಮಾಡಬೇಕಾದ ಹಾರಾಟಗಳು ಬಣ್ಣಬಣ್ಣದ ಪಟ್ಟಿಗಳಾಗಿ ಕೂತಿರುತ್ತವೆ. ಒಂದು ಮೇಜಿನವರು ಗಾಳಿ-ಮಳೆ-ಮಂಜು ನೋಡಬೇಕು, ಒಂದು ಮೇಜಿನವರು ಪೈಲಟ್ಟುಗಳ ದುಡಿಮೆಯ ಗಂಟೆ ಲೆಕ್ಕ ಹಾಕಬೇಕು, ಇನ್ನೊಂದರವರು ಯಂತ್ರದ ರಿಪೇರಿ, ಮತ್ತೊಂದರವರು ಪ್ರಯಾಣಿಕರ ಪಾಡು. ಎಲ್ಲರ ನಡುವೆ ಪಾಳಿಯ ಮುಖ್ಯಸ್ಥನ ಕುರ್ಚಿ. ಯಾವುದನ್ನು ಬಿಡಬೇಕು, ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ರದ್ದು ಮಾಡಬೇಕು ಎನ್ನುವ ಕಡೆಯ ಮಾತು ಆ ಕುರ್ಚಿಯದು. ಬೆಳಿಗ್ಗೆ ಒಂದು ವಿಮಾನ ಅರ್ಧ ತಾಸು ತಡವಾದರೆ ಸಂಜೆಯ ಹೊತ್ತಿಗೆ ಎಲ್ಲೋ ನಾಲ್ಕು ಊರುಗಳ ಮಂದಿ ನಿಲ್ದಾಣದ ನೆಲದ ಮೇಲೆ ಚೀಲ ತಲೆಗಿಟ್ಟು ಮಲಗಬೇಕಾಗುತ್ತದೆ. ಅದಕ್ಕೇ ಅಲ್ಲಿಯವರ ಮನಸ್ಸು ಸ್ವಲ್ಪ ಕಲ್ಲಾಗಿರಬೇಕು.

ಆ ಕುರ್ಚಿಯಲ್ಲಿ ಮೂರು ವರ್ಷದಿಂದ ಕೂತವಳು ವಿದ್ಯಾ. ಯಾರು ಯಾರೋ ದೊಡ್ಡವರ ಕಡೆಯಿಂದ ಫೋನು ಬರುತ್ತಿತ್ತು: ನಮ್ಮ ಸಾಹೇಬರು ದಾರಿಯಲ್ಲಿದ್ದಾರೆ, ಮನೆಯಲ್ಲಿ ಮದುವೆ ಇದೆ, ಹತ್ತು ನಿಮಿಷ ನಿಲ್ಲಿಸಿ. "ಎಲ್ಲರ ಮನೆಯಲ್ಲೂ ಮದುವೆ ಇರುತ್ತದೆ" ಎಂದು ಒಂದೇ ಮಾತು ಹೇಳಿ ಇಟ್ಟುಬಿಡುತ್ತಿದ್ದಳು. ರಜೆಯಲ್ಲಿ ಇರುವವರು ತಮ್ಮವರಿಗಾಗಿ ಆ ಮೇಜಿಗೆ ಫೋನು ಮಾಡಬಾರದು ಎಂದು ಕಟ್ಟುನಿಟ್ಟು ಮಾಡಿದವಳೂ ಅವಳೇ. ಈಗ ನೋಡಿ ಹೇಗಿದೆ ತಮಾಷೆ.

ಗೋಕಾಕ ದಾಟುವ ಹೊತ್ತಿಗೆ ದಿಲ್ಲಿಯ ವಿಮಾನ ಅಂತೂ ಎದ್ದಿತು. ವಿದ್ಯಾ ಮನಸ್ಸಿನಲ್ಲೇ ಗುಣಿಸಿ ಭಾಗಿಸಿದಳು. ಅದು ಹೈದರಾಬಾದಿನಲ್ಲಿ ಇಳಿಯುವಷ್ಟರಲ್ಲಿ ಅಲ್ಲಿಂದ ಬೆಳಗಾವಿಗೆ ಹೊರಡುವ ಸಣ್ಣ ವಿಮಾನ ಆಕಾಶದಲ್ಲಿರುತ್ತದೆ. ಒಂದು ತಾಸಿನ ಮೇಲೆ ಸ್ವಲ್ಪ ಅದನ್ನು ತಡೆದು ನಿಲ್ಲಿಸಿದರೆ ಮಾಮಾ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿದು, ಅಲ್ಲಿ ಕಾದಿರುವ ಗಾಡಿ ಹತ್ತಿ, ಅಕ್ಕಿಕಾಳಿನ ಹೊತ್ತಿಗೆ ಏದುಸಿರು ಬಿಡುತ್ತ ಹುಕ್ಕೇರಿ ಮುಟ್ಟಬಹುದು. ನಿಲ್ಲಿಸದಿದ್ದರೆ ಇಲ್ಲ.

ಘಟಪ್ರಭಾದಲ್ಲಿ ಹೂವಿನ ಹಾರ ತೆಗೆದುಕೊಳ್ಳಲು ಮಾಲಿಂಗ ಗಾಡಿ ನಿಲ್ಲಿಸಿದ. ಹೆಂಗಸರು ಹೂವಿನ ಅಂಗಡಿಯವನ ಜೊತೆ ಚೌಕಾಸಿಗೆ ನಿಂತರು. ವಿದ್ಯಾ ನಾಲ್ಕು ಹೆಜ್ಜೆ ಆಚೆ ಹೋಗಿ ತಾನೇ ಹಾಕಿದ ಗೆರೆ ದಾಟಿದಳು. ಫೋನಿನಲ್ಲಿ ಆ ಹಾಲಿನ ಸದ್ದು ಕೇಳಿದ್ದೇ ತಡ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಹತ್ತಾರು ಮಂದಿ ಒಟ್ಟಿಗೇ ಮಾತಾಡುವ ಸದ್ದು. ಮಂಜು ಬಿದ್ದ ದಿನ ಅಲ್ಲಿ ಯಾರೂ ಕೂತು ಮಾತಾಡುವುದಿಲ್ಲ.

ಇಂದು ಅವಳ ಕುರ್ಚಿಯಲ್ಲಿ ವಿಶಾಲ ಇದ್ದ. ಗೋಕಾಕದ ಮಗ್ಗುಲಿನ ಅಂಕಲಗಿಯ ಹುಡುಗ; ಅವಳ ಹಿಂದೆಯೇ ಅರ್ಜಿ ಹಾಕಿ ಬಂದು, ಅವಳ ಕೈಕೆಳಗೇ ಕೆಲಸ ಕಲಿತವನು.

"ವಿದ್ಯಕ್ಕಾ! ಲಗ್ನದ ಮನಿಯಿಂದ ಫೋನ ಮಾಡೀರಿ? ಏನ್ ಆತ್ರಿ?"

ವಿದ್ಯಾ ಹೇಳಿದಳು. ಹೇಳುವಾಗ ದನಿ ಸಣ್ಣದಾಯಿತು. ಎಷ್ಟೋ ಮಂದಿಯ ಬಾಯಿಂದ ಕೇಳಿ ಗದರಿಸಿದ ಮಾತನ್ನೇ ಈಗ ತಾನು ಆಡಬೇಕಾಗಿತ್ತು.

ಅತ್ತ ಕಡೆ ಕೀಲಿಮಣೆ ಕಟಕಟ ಎಂದಿತು. "ಅಕ್ಕಾ, ದಿಲ್ಲಿ ವಿಮಾನದಿಂದ ಬೆಳಗಾವಿಗಿ ಹೋಗವರು ಒಬ್ಬರೂ ಇಲ್ಲ ಅಂತ ತೋರಸ್ತೈತಿ. ಅದಕ್ಕ ಅದನ್ನ ಟೈಮಿಗಿ ಬಿಡಾಕ ಹೇಳೇವಿ."

ವಿದ್ಯಾಗೆ ಅರ್ಥವಾಯಿತು. ರಜೆ ಕಡೆಯ ಗಳಿಗೆಯಲ್ಲಿ ಸಿಗುವ ಫೌಜಿ ಮಂದಿ ಮಾಡುವ ತಪ್ಪು ಇದು. ಮೊದಲು ದಿಲ್ಲಿಯಿಂದ ಹೈದರಾಬಾದಿಗೆ ಒಂದು ಟಿಕೆಟು. ರಜೆ ಖಾತ್ರಿಯಾದ ಮೇಲೆ ಅಲ್ಲಿಂದ ಬೆಳಗಾವಿಗೆ ಬೇರೆಯೇ ಇನ್ನೊಂದು ಟಿಕೆಟು. ಕೊಂಡವನ ತಲೆಯಲ್ಲಿ ಅದು ಒಂದೇ ಪ್ರಯಾಣ. ಕಂಪನಿಯ ಲೆಕ್ಕದಲ್ಲಿ ಅವು ಇಬ್ಬರು ಬೇರೆ ಬೇರೆ ಮನುಷ್ಯರ ಟಿಕೆಟು. ಒಬ್ಬ ತಡವಾದರೆ ಇನ್ನೊಬ್ಬನಿಗೆ ಕಾಯಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ.

"ಎರಡೂ ವಿಮಾನದ ಮಂದಿ ಹೆಸರು ಬಾಜೂಬಾಜೂ ಇಟ್ಟ ನೋಡ," ಎಂದಳು.

ಸ್ವಲ್ಪ ಹೊತ್ತು ಬಿಟ್ಟು ವಿಶಾಲ ಶಿಳ್ಳೆ ಹಾಕಿದ. "ಹನ್ನೊಂದು ಮಂದಿ ಅದಾರ್ರಿ ಅಕ್ಕಾ! ಎಲ್ಲಾ ನಮ್ಮ ಕಡೀ ಹೆಸರ. ಎಲ್ಲಾರೂ ಎರಡೆರಡು ಟಿಕೀಟ ಮಾಡ್ಸ್ಯಾರ."

ಹನ್ನೊಂದು. ವಿದ್ಯಾಳ ಎದೆ ಹಗುರಾಯಿತು. ಒಬ್ಬನಿಗಾಗಿ ಕೇಳುವುದು ಬೇರೆ, ಹನ್ನೊಂದು ಮಂದಿಗಾಗಿ ಕೇಳುವುದು ಬೇರೆ. ಹನ್ನೊಂದು ಮಂದಿಗೆ ವಿಮಾನ ನಿಲ್ಲಿಸಿದ್ದು ಉಂಟು. ಆದರೆ ಅವಳ ಬಾಯಿಂದ ಮುಂದಿನ ಪ್ರಶ್ನೆ ರೂಢಿಯಂತೆ ಬಂದೇಬಿಟ್ಟಿತು. ಬರದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ.

"ಪೈಲಟ್ ಮಂದಿದು ತಾಸು ಎಷ್ಟ ಉಳದೈತಿ?"

ವಿಶಾಲ ಗಂಟೆಯ ಪಟ್ಟಿ ತೆಗೆದು ನೋಡಿದ. ಆಮೇಲೆ ಹೇಳಿದ: ಅದೇ ಪೈಲಟ್ಟುಗಳು, ಅದೇ ವಿಮಾನ, ಇಂದಿನ ಕಡೆಯ ಹಾರಾಟ ಸಂಜೆ ಕಡಪಾಕ್ಕೆ. ಬೆಳಿಗ್ಗೆ ಒಂದು ತಾಸು ನಿಲ್ಲಿಸಿದರೆ ಸಂಜೆ ಅವರ ದುಡಿಮೆಯ ಮಿತಿ ಮುಗಿಯುತ್ತದೆ. ಆಮೇಲೆ ಅವರನ್ನು ಹಾರಿಸುವಂತಿಲ್ಲ. ಬದಲಿಗೆ ಕಳಿಸಲು ಇನ್ನೊಂದು ಜೋಡಿ ಇಲ್ಲ. ಇದ್ದವರನ್ನೆಲ್ಲ ದಿಲ್ಲಿಯ ಮಂಜು ನುಂಗಿಕೊಂಡಿದೆ. ಕಡಪಾ ರದ್ದು. ಅದರಲ್ಲಿ ಅರವತ್ತರ ಮೇಲೆ ಮಂದಿ.

"ಆದರೂ ನೀವ್ ಒಂದ ಮಾತ ಹೇಳ್ರಿ ಅಕ್ಕಾ," ಎಂದ ವಿಶಾಲ. "ಸೋದರಮಾವ ಅಂದ್ರ ಏನಂತ ಈ ಖೋಲ್ಯಾಗ ನನಗಟ್ಟೇ ಗೊತ್ತೈತಿ. ಹನ್ನೊಂದ ಮಂದಿ ಅಂತ ಬರೀತೇನಿ. ಯಾರೂ ಕೇಳೂದಿಲ್ಲ. ನಿಲ್ಲಸ್ಲ್ಯಾ?"

ಹೂವಿನ ಅಂಗಡಿಯ ಮುಂದೆ ಅನ್ನಪೂರ್ಣಾ ಒಂದು ಹಾರವನ್ನು ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದಳು. "ಇದು ನಮ್ಮ ಅಣ್ಣಗ. ದಪ್ಪಂದ ಕೊಡ," ಎನ್ನುತ್ತಿದ್ದಳು ಅಂಗಡಿಯವನಿಗೆ. ಹೂಂ ಅಂದರೆ ಮುಗಿಯಿತು. ಕಡಪಾದ ಅರವತ್ತು ಮಂದಿಗೆ ಇವಳ ಹೆಸರೂ ಗೊತ್ತಾಗುವುದಿಲ್ಲ. ಅವರಲ್ಲಿ ಆಸ್ಪತ್ರೆಗೆ ಹೊರಟವರು ಇರಬಹುದು, ಸುಮ್ಮನೆ ಮನೆಗೆ ಹೊರಟವರು ಇರಬಹುದು, ಯಾರದೋ ಸೋದರಮಾವನೂ ಇರಬಹುದು. ಅವರ ಪರವಾಗಿ ಫೋನು ಮಾಡುವವರು ಯಾರೂ ಇಲ್ಲ, ಮಾಡಿದರೂ ಕೇಳಲು ಆ ಕುರ್ಚಿಯಲ್ಲಿ ಅವರ ಊರ ಕಡೆಯ ಹುಡುಗ ಇಲ್ಲ.

"ನಾನ ಆ ಕುರ್ಚ್ಯಾಗ ಕುಂತಿದ್ರ ಏನ್ ಮಾಡ್ತಿದ್ನೋ ವಿಶಾಲ?"

ಅವನಿಗೆ ಉತ್ತರ ಗೊತ್ತಿತ್ತು, ಅವಳೇ ಕಲಿಸಿದ್ದಳಲ್ಲ.

"ಬಿಡು," ಎಂದಳು ವಿದ್ಯಾ. "ಟೈಮಿಗಿ ಬಿಟ್ಟಬಿಡು."

"ಅಕ್ಕಾ..."

"ಬಿಡು ಅಂದ್ನಿ. ಆ ಹನ್ನೊಂದ ಮಂದಿಗಿ ಮುಂದ ಏನರ ದಾರಿ ಐತಿ ಏನ ನೋಡ."

ಹೈದರಾಬಾದಿನಿಂದ ಮಧ್ಯಾಹ್ನ ಹುಬ್ಬಳ್ಳಿಗೆ ಹೋಗುವ ವಿಮಾನದಲ್ಲಿ ಸೀಟುಗಳು ಖಾಲಿ ಇದ್ದವು. ಟಿಕೆಟು ಬೇರೆ ಬೇರೆಯಾದ್ದರಿಂದ ಕಂಪನಿ ಅವರಿಗೆ ಏನೂ ಕೊಡಬೇಕಾಗಿಲ್ಲ, ಆದರೆ ಖಾಲಿ ಸೀಟು ಕೊಡುವುದು ಪಾಳಿಯ ಮುಖ್ಯಸ್ಥನ ಕೈಯಲ್ಲಿದೆ. ಹನ್ನೊಂದೂ ಮಂದಿಯನ್ನು ಅದಕ್ಕೆ ಹತ್ತಿಸುತ್ತೇನೆ ಎಂದ ವಿಶಾಲ. ಹುಬ್ಬಳ್ಳಿಯಿಂದ ರಸ್ತೆ ಹಿಡಿದು ಹುಕ್ಕೇರಿ ಮುಟ್ಟುವಾಗ ಹೊತ್ತು ಮುಳುಗುತ್ತಿರುತ್ತದೆ. ಅಕ್ಕಿಕಾಳು ನಡುಮಧ್ಯಾಹ್ನಕ್ಕೆ.

ಧುಪದಾಳದ ಒಡ್ಡಿನ ನೀರು ಬಿಸಿಲಿಗೆ ಹೊಳೆಯುತ್ತಿದ್ದುದನ್ನು ಗಾಡಿಯವರೆಲ್ಲ ಬಗ್ಗಿ ಬಗ್ಗಿ ನೋಡಿದರು. ವಿದ್ಯಾ ಅವ್ವನ ಬೆನ್ನು ನೋಡುತ್ತ ಕೂತಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು, ಹೇಳಲಿಲ್ಲ. ಅನ್ನಪೂರ್ಣಾ ಹಾರದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬಾಡದಿರಲೆಂದು ಆಗಾಗ ನೀರು ಚಿಮುಕಿಸುತ್ತಿದ್ದಳು.

ಹುಕ್ಕೇರಿಯ ಕಲ್ಯಾಣಮಂಟಪದಲ್ಲಿ ಆಗಲೇ ಬ್ಯಾಂಡು ಶುರುವಾಗಿತ್ತು. ಬೀಗರ ಕಡೆಯ ಯಜಮಾನ ಶಿದ್ರಾಮ, ಮದುಮಗನ ಅಪ್ಪ, ಬಾಗಿಲಲ್ಲೇ ನಿಂತು ಎಲ್ಲರಿಗೂ ಕೈಮುಗಿಯುತ್ತ, "ಬರ್ರಿ, ಬರ್ರಿ, ಟೈಮಿಗಿ ಬಂದ್ರಿ," ಎನ್ನುತ್ತಿದ್ದ. ಟೈಮು ಅಂದರೆ ಪ್ರಾಣ ಬಿಡುವ ಮನುಷ್ಯ. ವಿದ್ಯಾ ಮಂಟಪದ ಹಿಂದೆ ಅಡಿಗೆಯವರು ಒಲೆ ಹೂಡಿದ ಕಡೆ ಹೋಗಿ ನಿಂತು ಮತ್ತೆ ಮತ್ತೆ ಮಾಮಾನ ನಂಬರು ಒತ್ತಿದಳು. ಕಡೆಗೂ ರಿಂಗಾಯಿತು. ಹೈದರಾಬಾದಿನಲ್ಲಿ ವಿಮಾನ ಇಳಿದಿತ್ತು.

"ಯಾರು?" ಏಳು ವರ್ಷ ಕೇಳದಿದ್ದ ದನಿ.

"ಮಾಮಾ, ನಾ ವಿದ್ಯಾ. ಬೆಳಗಾವಿ ವಿಮಾನ ಹೋತು. ನಿಲ್ಲಸ್ಲ್ಯಾ ಅಂತ ನನ್ನ ಕೇಳಿದ್ರು. ನಾನ ಬ್ಯಾಡ ಅಂದ್ನಿ."

ಹಿಂದೆ ಯಾರು ಯಾರೋ ಕೂಗಾಡುತ್ತಿದ್ದರು. ಉಳಿದ ಹತ್ತು ಮಂದಿ ಇರಬೇಕು. ಭೀಮಶಿ ಆ ಕೂಗಾಟದಿಂದ ಆಚೆ ಸರಿದ.

"ಯಾಕ?"

ಪೈಲಟ್ಟುಗಳ ಗಂಟೆ, ಕಡಪಾ, ಅರವತ್ತು ಮಂದಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಬ್ಬಳ್ಳಿಯ ವಿಮಾನದ ಸಂಗತಿಯನ್ನೂ ಹೇಳಿದಳು.

"ನಿಮ್ಮವ್ವಗ ಗೊತ್ತೈತಿ?"

"ಇನ್ನೂ ಇಲ್ಲ ಮಾಮಾ."

"ಯಾರ ಹೇಳವ್ರು? ನಿಮ್ಮಪ್ಪನ ಕೈಲೆ ಹೇಳಿ ಕಳಸ್ತಿ ಏನ, ಆಗಿನಂಗ?"

ಮಾತು ಸೂಜಿಯಂತೆ ನಾಟಿತು. ಇಷ್ಟು ವರ್ಷವೂ ಮಾಮಾನ ಸಿಟ್ಟು ಒಲ್ಲೆ ಅಂದದ್ದಕ್ಕೆ ಎಂದು ತಿಳಿದಿದ್ದಳು. ಅಲ್ಲವೇ ಅಲ್ಲ. ಎದುರಿಗೆ ಬಂದು ಹೇಳಲಿಲ್ಲ ಎನ್ನುವುದಕ್ಕೆ.

"ಇಲ್ಲ. ನಾನ ಹೇಳ್ತೇನಿ," ಎಂದಳು.

"ಹೇಳ. ನಾ ಹುಬ್ಬಳ್ಳಿ ವಿಮಾನ ಹತ್ತತೇನಿ," ಎಂದು ಇಟ್ಟ.

ಅನ್ನಪೂರ್ಣಾ ಗದ್ದುಗೆಯ ಹತ್ತಿರ ಹಾರಗಳನ್ನು ಜೋಡಿಸುತ್ತಿದ್ದಳು. ಸುತ್ತ ನೆಂಟರು. ವಿದ್ಯಾ ಅವ್ವನನ್ನು ಆಚೆ ಕರೆಯಲಿಲ್ಲ. ಆಚೆ ಕರೆದರೆ ಧೈರ್ಯ ಸೋರಿಹೋಗುತ್ತದೆ ಎಂದು ಗೊತ್ತಿತ್ತು. ಅಲ್ಲೇ ನಿಂತು ಹೇಳಿದಳು. ಮಾಮಾ ಹೊರಟದ್ದು ಖರೆ, ಮಂಜು ಖರೆ, ಬೆಳಗಾವಿಯ ವಿಮಾನ ಹೋದದ್ದು ಖರೆ, ಅದನ್ನು ನಿಲ್ಲಿಸುವುದು ತನ್ನ ಒಂದು ಮಾತಿನಲ್ಲಿ ಇದ್ದದ್ದೂ ಖರೆ.

"ನೀ ನಿಲ್ಲಸಬಹುದಿತ್ತ?" ಎಂದಳು ಅನ್ನಪೂರ್ಣಾ.

"ನಿಲ್ಲಸಬಹುದಿತ್ತ ಯವ್ವಾ. ಆದ್ರ ಸಂಜಿಕೆ ಬ್ಯಾರೆ ಊರಿನ ಅರವತ್ತ ಮಂದಿದು..."

"ನಾ ಅರವತ್ತ ಮಂದಿ ಕೇಳಿಲ್ಲ."

ಅಪ್ಪ ಬೀರಸಿದ್ದಪ್ಪ ನಡುವೆ ಬಂದು, "ಇರ್ಲಿ ಬಿಡ, ನಿಮ್ಮ ಅಣ್ಣನ ಮನೆತನದಾವ ಯಲ್ಲಾರಿ ಅದಾನ, ಅವನ ಕಡೆಯಿಂದ ಕಂಬಳಿ ಹಾಸಸೂಣು," ಎಂದ. ಅನ್ನಪೂರ್ಣಾ ಗಂಡನ ಕಡೆ ನೋಡಲೇ ಇಲ್ಲ. ಮಡಿಚಿಟ್ಟ ಕರಿಕಂಬಳಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಗದ್ದುಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಹೆಂಗಸು ಜನ್ಮದಲ್ಲಿ ನಾಲ್ಕು ಮಂದಿಯ ಮುಂದೆ ದನಿ ಎತ್ತಿದವಳಲ್ಲ.

"ನಿನಗ ವಿಮಾನ ನಿಲ್ಲಸಾಕ ಆಗ್ಲಿಲ್ಲಲಾ," ಎಂದಳು ಮಗಳಿಗೆ, "ನಾ ಲಗ್ನ ನಿಲ್ಲಸ್ತೇನಿ. ನಮ್ಮ ಅಣ್ಣ ಬರೂತನಾ ಅಕ್ಕಿಕಾಳ ಇಲ್ಲ."

ಬ್ಯಾಂಡಿನವರು ಊದುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಶಿದ್ರಾಮ ಓಡಿ ಬಂದ. ಏನ್ರಿ ಇದು, ಸಾವಿರ ಮಂದಿ ಬಂದಾರ, ಹಳ್ಳಿ ಬಸ್ಸು ಹಿಡಿಯಬೇಕಾದವರು ಅದಾರ, ಗಂಡಿನ ಕಡೆಯವರಿಗೆ ಮರ್ಯಾದೆ ಐತೋ ಇಲ್ಲೋ ಎಂದು ಒಂದೇ ಸಮ ಶುರುಮಾಡಿದ. ಅವನದು ತಪ್ಪು ಎನ್ನುವಂತಿರಲಿಲ್ಲ. ಅವನ ಮಾತು ಕೇಳುತ್ತಿದ್ದ ವಿದ್ಯಾಗೆ ತನ್ನದೇ ದನಿ ಕೇಳಿದಂತಾಯಿತು. ಒಬ್ಬನಿಗಾಗಿ ಸಾವಿರ ಮಂದಿಯನ್ನು ಕಾಯಿಸುವುದೇ? ಎಲ್ಲರ ಮನೆಯಲ್ಲೂ ಮದುವೆ ಇರುತ್ತದೆ. ಮೆಟ್ಟಿಲ ಮೇಲೆ ಕೂತ ಅವ್ವ ಮಾತ್ರ ಯಾರ ಕಡೆಯೂ ನೋಡದೆ ಕಂಬಳಿ ಅಪ್ಪಿಕೊಂಡಿದ್ದಳು. ಒಳಗಿನ ಖೋಲಿಯ ಬಾಗಿಲಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ ರಾಧಿಕಾ ಅಳಲು ಶುರುಮಾಡಿದಳು.

ಅವ್ವನ ಕಾಲು ಹಿಡಿದು ಒಪ್ಪಿಸಬೇಕು ಎಂದು ಹೊರಟ ವಿದ್ಯಾ, ಹತ್ತಿರ ಹೋದವಳು, ಆ ಮುಖ ನೋಡಿ ನಿಂತಳು. ಒಪ್ಪುವ ಮುಖ ಅಲ್ಲ ಅದು. ಹಾಗಾದರೆ ನಿಂತದ್ದು ನಿಂತಿತು. ಈಗ ಉಳಿದದ್ದನ್ನು ಹೇಗೆ ಸಂಭಾಳಿಸುವುದು? ಇದು ಅವಳಿಗೆ ಗೊತ್ತಿದ್ದ ಕೆಲಸ. ತಿರುಗಿ ನೇರ ಲಗ್ನ ಮಾಡಿಸುವ ಐನೋರ ಹತ್ತಿರ ಹೋದಳು.

"ಅಕ್ಕಿಕಾಳ ಗೋಧೂಳಿ ಹೊತ್ತಿಗಿ ಹಾಕಿದ್ರ ನಡೀತೈತೇನ್ರಿ ಐನೋರ?"

ಐನೋರು ಪಂಚಾಂಗ ತೆಗೆಯುವ ಶಾಸ್ತ್ರ ಮಾಡಿ, "ಗೋಧೂಳಿಗಿ ಯಾವ ದೋಷಾನೂ ಇಲ್ಲವಾ. ನಮ್ಮ ಹಿರ್ಯಾರ ಲಗ್ನ ಎಲ್ಲಾ ಆವಾಗ ಆಗ್ತಿದ್ದೂ," ಎಂದರು. ಅಷ್ಟು ಸಾಕಾಗಿತ್ತು. ಊಟ ಮೊದಲು, ಅಕ್ಕಿಕಾಳು ಆಮೇಲೆ ಎಂದು ವಿದ್ಯಾ ಅಡಿಗೆಯವರಿಗೆ ಹೇಳಿದಳು. ದೂರದಿಂದ ಬಂದವರು ಮೊದಲ ಪಂಕ್ತಿಗೆ, ಊರವರು ಕಡೆಗೆ. ಬಸ್ಸು ತಪ್ಪುವವರನ್ನು ಮಾಲಿಂಗ ಕ್ರೂಸರಿನಲ್ಲಿ ಬಿಟ್ಟು ಬರುವುದು. ಎಲ್ಲ ಸರಿಯೇ, ಆದರೆ ಅಕ್ಕಿಕಾಳು ಬೀಳದೆ ಎಲೆಗೆ ಕೂಡುವವರು ಯಾರು? ನೆಂಟರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಶಿದ್ರಾಮ ಸಿಟ್ಟಿನಿಂದ ಮುಖ ಆಚೆ ತಿರುಗಿಸಿಕೊಂಡ.

ಅಷ್ಟರಲ್ಲಿ ಶಿದ್ರಾಮನ ಅವ್ವ, ಮುದುಕಿ ಗೌರವ್ವ, ಕೋಲು ಊರಿಕೊಂಡು ಬಂದು ಮೊದಲ ಎಲೆಗೆ ಕೂತಳು.

"ನನಗ ಸಕ್ರಿ ಬ್ಯಾನಿ ಐತಿ. ಉಂಡು ಗುಳಿಗಿ ತೊಗೊಬೇಕ. ನೀಡ್ರಿ," ಎಂದಳು. ಮಗನ ಕಡೆ ತಿರುಗಿ, "ನಿನ್ನ ಲಗ್ನದಾಗ ನಮ್ಮ ಅಣ್ಣ ಬಂದಿರಲಿಲ್ಲ. ಮೂವತ್ತ ವರ್ಷ ಆತು, ಯಾರರ ಅದನ್ನ ಮರ್ತೀರಿ?" ಎಂದು ಕೇಳಿದಳು. ಮುದುಕಿಯ ಹಿಂದೆ ಪಂಕ್ತಿ ತುಂಬಿತು.

ಆಮೇಲಿನ ಹೊತ್ತು ಹೇಗೆ ಹೋಯಿತೋ ವಿದ್ಯಾಗೇ ಗೊತ್ತು. ಹುಬ್ಬಳ್ಳಿಯ ವಿಮಾನ ಎದ್ದಿತು, ಇಳಿಯಿತು. ಗಾಡಿ ಸಿಕ್ಕಿತು. ಧಾರವಾಡ ದಾಟಿದರು. ಆಮೇಲೆ ಮಾಮಾನ ಫೋನು ಹತ್ತಲೇ ಇಲ್ಲ. ನಾಲ್ಕು ಸಲ ರಸ್ತೆಗೆ ಹೋಗಿ ಬಂದಳು, ಪಂಕ್ತಿಯಲ್ಲಿ ನೀರು ನೀಡಿದಳು, ಉಂಡವರ ಎಲೆ ಎತ್ತಿದಳು, ಒಂದು ಕಡೆ ನಿಲ್ಲಲು ಆಗಲಿಲ್ಲ. ಗುರುಗ್ರಾಮದ ಹಾ­ಲಿನಲ್ಲಿ ಹತ್ತಾರು ವಿಮಾನಗಳು ತಡವಾದಾಗಲೂ ಅವಳು ಹೀಗೆ ಓಡಾಡಿರಲಿಲ್ಲ. ಅಲ್ಲಿ ತಡ ಅಂದರೆ ಪರದೆಯ ಮೇಲೆ ಕೆಂಪಾಗುವ ಒಂದು ಪಟ್ಟಿ. ಇಲ್ಲಿ ತಡ ಅಂದರೆ ಮೆಟ್ಟಿಲ ಮೇಲೆ ನೀರೂ ಕುಡಿಯದೆ ಕೂತ ಅವ್ವ. ಅವಳು ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ.

ದನಗಳು ಮನೆಗೆ ತಿರುಗುವ ಹೊತ್ತಿಗೆ ಧೂಳು ಎಬ್ಬಿಸಿಕೊಂಡು ಗಾಡಿ ಬಂದು ನಿಂತಿತು. ಭೀಮಶಿ ಇಳಿದ. ಕೂದಲು ಬೆಳ್ಳಗಾಗಿತ್ತು, ಮೀಸೆ ಮಾತ್ರ ಹಾಗೇ ಇತ್ತು. ನೇರವಾಗಿ ಮೆಟ್ಟಿಲ ಹತ್ತಿರ ಹೋಗಿ ತಂಗಿಯ ಮುಂದೆ ನಿಂತ. ಅನ್ನಪೂರ್ಣಾ ಕಂಬಳಿಯನ್ನು ಅವನ ಕೈಗೆ ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಕಂಬಳಿ ಹಾಸಿ ರಾಧಿಕಾಳನ್ನು ಕರೆತಂದು ಕೂಡಿಸಿದ. ಬ್ಯಾಂಡು ಮೊಳಗಿತು. ಹೊತ್ತು ಮುಳುಗುವ ಮುಂಚೆ ಅಕ್ಕಿಕಾಳು ಬಿದ್ದವು. ಉಳಿದಿದ್ದ ನೆಂಟರು ಎಲ್ಲಾ ಒಟ್ಟಿಗೇ ಮಾತಾಡತೊಡಗಿದರು.

ಎಲ್ಲ ಮುಗಿದ ಮೇಲೆ ಭೀಮಶಿ ವಿದ್ಯಾಳ ಹತ್ತಿರ ಬಂದ. "ನಾವು ಇಳಿಯೂದ್ರಾಗ ಹಾರಿ ಹೋಗಿತ್ತ ನಿನ್ನ ವಿಮಾನ. ಹನ್ನೊಂದೂ ಮಂದಿ ನಿನಗ ಬೈದೇವಿ," ಎಂದ. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, "ನಾ ಸ್ವಲ್ಪ ಕಡಿಮಿ ಬೈದೆ," ಎಂದು ಉಣ್ಣಲು ಹೋದ.

ಕಡೆಯ ಪಂಕ್ತಿಯಲ್ಲಿ ಮನೆಯವರೇ ಉಳಿದಿದ್ದರು. ಅನ್ನಪೂರ್ಣಾ ಮಗಳ ಎದುರಿಗೆ ಬಂದು ಕೂತು ಎಲೆಗೆ ಅನ್ನ ನೀಡಿದಳು. ಮಧ್ಯಾಹ್ನದಿಂದ ಮೊದಲ ಸಲ ಅವಳ ಮುಖ ನೋಡಿದಳು.

"ಒಂದ ಕೇಳ್ತೇನಿ, ಖರೆ ಹೇಳ. ಅಣ್ಣನ ಬದಲಿ ನಾನ ಇದ್ರ? ಆ ದಿಲ್ಲಿ ವಿಮಾನದಾಗ ನಾನ ಇದ್ದು, ನಿನ್ನ ಲಗ್ನಕ್ಕ ಬರಾಕತ್ತಿದ್ರ, ನಿಲ್ಲಸ್ತಿದ್ದಿ?"

ವಿದ್ಯಾ ಅನ್ನದಲ್ಲಿ ಕೈಯಿಟ್ಟಳು, ಕಲಸಲಿಲ್ಲ. ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆಯಿಂದ ಒಂದು ಹೇಳಿಯೂ ಆಗಿತ್ತು. ಅವ್ವನ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು.

"ಇಲ್ಲ ಯವ್ವಾ," ಎಂದಳು.

ಅನ್ನಪೂರ್ಣಾ ತಲೆಯಾಡಿಸಿದಳು. ಸಿಟ್ಟು ಬರಲಿಲ್ಲ ಅವಳಿಗೆ. ಸಾರಿನ ಸವಟು ಎತ್ತಿ ಮಗಳ ಎಲೆಗೆ ಬಡಿಸಿದಳು, ಮೇಲೆ ತುಪ್ಪ ಹಾಕಿದಳು.

"ನೀ ಇದ್ರ ನಾ ನಿಲ್ಲಸ್ತಿದ್ನಿ," ಎಂದಳು. "ಉಣ್ಣ, ಮುಂಜಾನಿಂದ ಏನೂ ತಿಂದಿಲ್ಲ."